ಕಾಗದದ ಸಾಲು

ಆರು ವರ್ಷ ಕಣ್ರೀ! ಆರು ವರ್ಷದಿಂದ ನನ್ನ ಒಂದೇ ಒಂದು ಚಿತ್ರ ನಮ್ಮ ಬ್ರನೋ ಊರಿನ ಯಾವ ಗೋಡೆಯನ್ನೂ ಕಂಡಿರಲಿಲ್ಲ. ಫೋಟೋ ಕತ್ತರಿಸಿ ಅಂಟಿಸುವವಳನ್ನು ಕಂಡರೆ ಕಮ್ಯುನಿಸ್ಟ್ ಪಕ್ಷದವರಿಗೆ ಯಾಕಿಷ್ಟು ಹೆದರಿಕೆಯೋ! ಈ ಡಿಸೆಂಬರಿನಲ್ಲಿ ಅಂತೂ ಸಂಸ್ಕೃತಿ ಭವನದ ಬೀದಿಬದಿಯ ಕೋಣೆ ಸಿಕ್ಕಿತು. ಒಂದು ಮೊಹರು ಬಿದ್ದರೆ ಜನ ನೋಡುತ್ತಾರೆ. ನನಗೆ ಬೇಕಿದ್ದದ್ದು ಅಷ್ಟೇ.

ಅಂಗಡಿಗಳ ಮುಂದೆ ಕದ್ದು ತೆಗೆದ ಫೋಟೋಗಳಿಂದ ಹನ್ನೆರಡು ಬೆನ್ನುಗಳನ್ನು ಕತ್ತರಿಸಿ, ಆಳೆತ್ತರಕ್ಕೆ ಹಿಗ್ಗಿಸಿ, ಉದ್ದನೆಯ ಬಟ್ಟೆಯ ಮೇಲೆ ಸಾಲಾಗಿ ಅಂಟಿಸಿದ್ದೆ. ಸಾಲಿನ ತುದಿಗೆ ಮುಚ್ಚಿದ ಬಾಗಿಲು.

ಮಂಜೂರಾತಿಗೆ ಬಂದ ಕಾಮ್ರೇಡ್ ಹೊರ್ನ್ಯಾಕ್ ಕನ್ನಡಕ ಏರಿಸಿದ. "ಇವರೆಲ್ಲ ಯಾತಕ್ಕೆ ನಿಂತಿದಾರೆ?"

"ಟ್ರಾಮಿಗೆ, ಕಾಮ್ರೇಡ್," ಎಂದೆ ಹಲ್ಲು ಕಚ್ಚಿಕೊಂಡು.

"ಹಾಗನ್ನಿ ಮತ್ತೆ. ಸಾಮಾನಿಗೆ ಕ್ಯೂ ನಿಲ್ಲೋ ಕಾಲ ನಮ್ಮಲ್ಲಿ ಯಾವತ್ತೋ ಹೋಯ್ತು." ಮೊಹರು ಹೊರಗೆ ತೆಗೆದ.

ಅಷ್ಟರಲ್ಲಿ ಬೀದಿಬಾಗಿಲು ದಡಾರನೆ ತೆರೆಯಿತು. ಮಬ್ಬುಗಾಜಿನಾಚೆಯಿಂದ ನನ್ನ ಕಾಗದದ ಬೆನ್ನುಗಳನ್ನು ಕಂಡು, ನಿಜವಾದ ಕ್ಯೂ ಎಂದುಕೊಂಡು ಏಳೆಂಟು ಹೆಂಗಸರು ಚೀಲ ಹಿಡಿದು ಹಿಂದೆ ನಿಂತುಬಿಟ್ಟಿದ್ದರು! ನಮ್ಮೂರಲ್ಲಿ ಮೊದಲು ನಿಲ್ಲುವುದು, ಏನು ಕೊಡುತ್ತಾರೆಂದು ಕೇಳುವುದು ಆಮೇಲೆ. ಮುಂದಿದ್ದ ಮುದುಕಿ ಹೊರ್ನ್ಯಾಕನನ್ನೇ ಗದರಿದಳು:

"ಏನಪ್ಪಾ, ನೆಟ್ಟಗೆ ಮುಂದೆ ಹೋಗಿ ನಿಂತಿದೀಯ? ನಾವೇನು ಮಂಕುಗಳಾ? ಹಿಂದೆ ಬಾ! ಕ್ರಿಸ್ಮಸ್ಸಿನ ಕಿತ್ತಳೆ ಬಂತಾ? ತಲೆಗೆಷ್ಟು ಕೊಡ್ತಿದಾರೆ?"

ಹೊರ್ನ್ಯಾಕ್ ಕೆಂಪಗಾದ. "ಟ್ರಾಮಿಗಾ?" ಎಂದು ನನ್ನನ್ನು ದುರುಗುಟ್ಟಿ ನೋಡಿ ಮೊಹರನ್ನು ಜೇಬಿಗಿಳಿಸಿದ. "ಈಗಿಂದೀಗ ಕಿತ್ತು ಹಾಕಿ!"

ಅಯ್ಯೋ ನನ್ನ ಕರ್ಮವೇ! ಆ ಮುದುಕಿಯ ಕತ್ತು ಹಿಸುಕುವಷ್ಟು ಸಿಟ್ಟು ಬಂತು. ಬಟ್ಟೆ ಸುತ್ತಿಕೊಂಡು ಹೊರಬಿದ್ದರೆ ಇಡೀ ಹಿಂಡು ನನ್ನ ಬೆನ್ನಿಗೆ.

"ಏನೂ ಇಲ್ಲ, ಹೋಗ್ರಮ್ಮಾ!"

"ಇಲ್ಲ ಅಂದ್ರೆ ಆ ಸುರುಳಿಯೊಳಗೆ ಬಚ್ಚಿಟ್ಟಿದೀಯ ಅಂತಲೇ. ನಮಗೆ ಗೊತ್ತಿಲ್ವಾ?" ಎಂದಳು ಮುದುಕಿ.

ಟ್ರಾಮು ಹತ್ತಿದೆ, ಹತ್ತಿದರು. ನಮ್ಮ ಕಟ್ಟಡದ ಮೆಟ್ಟಿಲನ್ನೂ ಹತ್ತಿದರು. ತಲೆಕೆಟ್ಟು ಹೋಗಿ, ಮನೆಬಾಗಿಲ ಮುಂದಿನ ಉದ್ದ ಕಾರಿಡಾರಿನಲ್ಲಿ ಸುರುಳಿ ಬಿಚ್ಚಿ ಎಸೆದೆ.

"ತಗೊಳ್ಳಿ, ಇದೇ ನಿಮ್ಮ ಕಿತ್ತಳೆ! ಕಣ್ತುಂಬ ನೋಡಿ!"

ಬೈಗುಳಕ್ಕೆ ಕಾದೆ. ಅವರೋ ಬಗ್ಗಿ ಒಂದೊಂದೇ ಬೆನ್ನನ್ನು ನೋಡುತ್ತ ಹೋದರು. ಮುದುಕಿ ಏಳನೆಯದರ ಹತ್ತಿರ ನಿಂತಳು.

"ಇದು ನಾನು," ಎಂದಳು. "ನನ್ನ ಬೆನ್ನು ಇಷ್ಟೊಂದು ಬಾಗಿದ್ಯಾ ಮಗಳೇ? ಯಾರೂ ಹೇಳಲೇ ಇಲ್ವಲ್ಲ."