ಉಳಿದ ಮೂರು ಪಿಸ್ಟನ್

ಲಾರಿ ಎಂಜಿನ್ನಿನ ಆರು ಪಿಸ್ಟನ್ನುಗಳಲ್ಲಿ ಮೂರನೆಯದರ ರಿಂಗ್ ಕೂರುವ ಸಂದಿನೊಳಗೆ, ಮುರಿದ ಹಳೇ ರಿಂಗಿನ ತುಂಡು ತೂರಿಸಿ ಅವಳು ಮೆಲ್ಲಗೆ ಸುತ್ತುತ್ತಿದ್ದಳು. ಕಲ್ಲಿನಂತೆ ಕಚ್ಚಿಕೊಂಡಿದ್ದ ಕಾರ್ಬನ್ ಮಸಿ ಎಳ್ಳಿನಷ್ಟೇ ಉದುರಿ ಮಡಿಲಿನ ಪೇಪರಿಗೆ ಬೀಳುತ್ತಿತ್ತು. ಜೋರು ಮಾಡಿದರೆ ಪಿಸ್ಟನ್ನಿಗೇ ಗೀರು. ಅಲ್ಯೂಮಿನಿಯಂ ಮೆತ್ತನೆಯ ಜೀವ.

ಗಂಡನ ಮನೆ ಬಿಟ್ಟು ಅಣ್ಣನ ಮನೆ ಸೇರಿ ಹನ್ನೊಂದು ವರ್ಷ. ಅಂದಿನಿಂದ ಅವನ ಗ್ಯಾರೇಜಿನ ಹಿಂದಿನ ಈ ಕಿಟಕಿಯಿಲ್ಲದ ಕೋಣೆಯಲ್ಲಿ, ಬಿಚ್ಚಿದ ಎಂಜಿನ್ನುಗಳ ಮಸಿ ತೆಗೆಯುವುದೇ ಅವಳ ಕೆಲಸ. ಜೋಡಿಸುವುದೆಲ್ಲ ಮುಂದಿನ ಶೆಡ್ಡಿನಲ್ಲಿ, ಗಂಡಸರ ಕೈಯಲ್ಲಿ. "ಕೂತಲ್ಲೇ ಕೆಲಸ, ಬಿಸಿಲಿಲ್ಲ ಮಳೆಯಿಲ್ಲ, ನೀನೇ ಮಹಾರಾಣಿ" ಎಂದು ಅತ್ತಿಗೆ ಆಗಾಗ ನಗಾಡುತ್ತಿದ್ದಳು.

ಹೋದ ವಾರ, ಸಿಲಿಂಡರ್ ಕೊರೆದುಕೊಡುವ ಬೋರಿಂಗ್ ಶಾಪಿನ ಯಜಮಾನರು ಬಂದವರು, ಅವಳು ಮಸಿ ತೆಗೆದಿಟ್ಟ ಪಿಸ್ಟನ್ ಒಂದನ್ನು ಬೆಳಕಿಗೆ ಹಿಡಿದು ನೋಡಿದ್ದರು.

"ಒಂದು ಗೀರಿಲ್ಲವಲ್ಲಮ್ಮ! ನಮ್ಮಲ್ಲಿಗೆ ಬಂದುಬಿಡು. ಅಳತೆ ನೋಡೋದು ಕಲಿಸ್ತೀನಿ. ಮಹಡಿ ಮೇಲೆ ರೂಮೂ ಖಾಲಿ ಇದೆ, ನನ್ನ ಹೆಂಡತಿಗೂ ಜೊತೆಯಾಗುತ್ತೆ."

ಉತ್ತರ ಕೊಟ್ಟವನು ಅಣ್ಣ. "ಇವಳಿಗೆ ತಿಕ್ಕೋದು ಬಿಟ್ಟರೆ ಇನ್ನೇನು ಬರುತ್ತೆ ಯಜಮಾನ್ರೇ?"

ಅವಳೂ ನಕ್ಕಿದ್ದಳು. ಯಾಕೆ ನಕ್ಕೆ ಎಂಬುದು ವಾರದಿಂದ ಗಂಟಲಿನ ಮುಳ್ಳಾಗಿತ್ತು.

"ಇನ್ನೂ ಮೂರನೇದಾ?" ಅಣ್ಣ ಬಾಗಿಲಲ್ಲಿ ನಿಂತಿದ್ದ. "ಲಾರಿ ಓನರ್ ಈಗ ಬರ್ತಾನೆ. ಪಿಸ್ಟನ್ ತಿಕ್ತಿದೀಯೋ, ಮಗೂಗೆ ಎಣ್ಣೆ ಹಚ್ತಿದೀಯೋ?"

ಉಳಿದ ಮೂರನ್ನೂ ಬಾಚಿಕೊಂಡು ಡ್ರಮ್ಮಿನತ್ತ ನಡೆದ. ಅದರಲ್ಲಿ ಬಿಸಿ ಕಾಸ್ಟಿಕ್ ಸೋಡಾ. ಕಬ್ಬಿಣದ ಸಾಮಾನಿನ ಮಸಿ ಬಿಡಿಸಲು ಮಾತ್ರ.

"ಅಣ್ಣಾ, ಬೇಡ. ಸೋಡಾ ಅಲ್ಯೂಮಿನಿಯಮ್ಮನ್ನೇ ತಿಂದುಬಿಡುತ್ತೆ."

"ಅಜ್ಜಿಗೆ ಕೆಮ್ಮು ಕಲಿಸ್ತೀಯಾ? ಎರಡೇ ನಿಮಿಷ."

ಮುಳುಗಿಸಿದವನು ಫೋನು ಬಂತೆಂದು ಹೊರಗೆ ಹೋದ. ಡ್ರಮ್ಮು ಬುಸುಗುಟ್ಟಿ ನೊರೆಯುಕ್ಕಿತು. ತಡೆಯಲಾರದೆ ಅವಳು ಕೊಕ್ಕೆ ಹಾಕಿ ಒಂದೊಂದಾಗಿ ಎತ್ತಿದಳು. ಅಷ್ಟರಲ್ಲೇ ಮೂರೂ ಕಪ್ಪಿಟ್ಟು, ರಿಂಗಿನ ಸಂದುಗಳ ಅಂಚು ಇಲಿ ಕಡಿದಂತಾಗಿತ್ತು. ಕೊಕ್ಕೆ ಹಿಡಿದು ನಿಂತಿದ್ದಾಗಲೇ ಅಣ್ಣನ ಹಿಂದೆ ಲಾರಿ ಓನರ್ ಒಳಗೆ ಬಂದ.

ಅಣ್ಣ ಪಿಸ್ಟನ್ ನೋಡಿದ, ಕೊಕ್ಕೆ ನೋಡಿದ.

"ನಮ್ಮ ತಂಗಿ. ತಿಳೀದೆ ಹಾಕಿಬಿಟ್ಟಿದ್ದಾಳೆ. ಹೊಸದು ನಾನೇ ತರಿಸಿ ಹಾಕ್ತೀನಿ ಬಿಡಿ."

"ಹೆಂಗಸರ ಕೈಗೆ ಎಂಜಿನ್ ಕೊಟ್ಟರೆ ಇನ್ನೇನಾಗುತ್ತೆ? ಪಾತ್ರೆ ಅನ್ಕೊಂಡಿರ್ತಾರೆ!" ಓನರ್ ಗಹಗಹಿಸಿದ.

'ನಾನಲ್ಲ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆಡಿದ ಮೇಲೆ ಸಂಜೆ ಇದೇ ಅಣ್ಣನ ಬೈಕಿನ ಹಿಂದೆ ಕೂತು ಅದೇ ಮನೆಗೆ ಹೋಗಬೇಕಲ್ಲ. ನುಂಗಿಕೊಂಡಳು. ಹನ್ನೊಂದು ವರ್ಷದಲ್ಲಿ ನುಂಗುವುದು ಚೆನ್ನಾಗಿ ಅಭ್ಯಾಸವಾಗಿತ್ತು.

ಓನರ್ ಹೋದ ಮೇಲೆ ಅಣ್ಣ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ದನಿ ಮೆತ್ತಗಾಗಿತ್ತು.

"ಬೇಜಾರು ಮಾಡ್ಕೋಬೇಡ ಕಣೇ. ನನ್ನ ಹೆಸರು ಕೆಟ್ಟರೆ ಗ್ಯಾರೇಜೇ ಮುಚ್ಚಬೇಕು. ನಿನಗಾದರೆ ಕೆಡೋಕೆ ಹೆಸರೆಲ್ಲಿದೆ?"

ಚುಚ್ಚಲೆಂದು ಆಡಿದ್ದರೆ ಅತ್ತು ಹಗುರಾಗಿಬಿಡುತ್ತಿದ್ದಳು. ಪಾಪ, ಅವನು ಸಮಾಧಾನ ಮಾಡುತ್ತಿದ್ದ. ಅವನ ಮುಖವನ್ನೇ ನೋಡಿದಳು. ಸುಳ್ಳಿನ ಗೆರೆಯೂ ಇರಲಿಲ್ಲ.

"ಹೂಂ" ಎಂದಳು.

ಅವನು ಎದ್ದುಹೋದ. ಹೊಸ ಪಿಸ್ಟನ್ ಬಂದು, ಎಂಜಿನ್ ಕೂಡಿಸಿ, ಲಾರಿ ಗೇಟು ದಾಟುವಾಗ ಶನಿವಾರವಾಗುತ್ತದೆ. ಹಿಡಿದ ಕೆಲಸ ಅರ್ಧಕ್ಕೆ ಬಿಡುವವಳಲ್ಲ, ಅಲ್ಲಿಯವರೆಗೆ ಇರುತ್ತಾಳೆ. ಭಾನುವಾರ ಅಣ್ಣ ಏಳುವುದು ತಡ. ಬೋರಿಂಗ್ ಶಾಪಿನ ಯಜಮಾನರು ಬೇಗ ಏಳುವವರು. ಬಟ್ಟೆಬರೆಗೆ ಒಂದು ಚೀಲ ಸಾಕು.

ಫೋನು ಬಡಿದುಕೊಂಡಿತು. ಅತ್ತಿಗೆ.

"ಸಂಜೆ ಬರ್ತಾ ಬಟ್ಟೆ ಸೋಪು ತಗೊಂಡು ಬಾರೇ. ಭಾನುವಾರ ಹೊದಿಕೆ ಎಲ್ಲ ಒಗೀಬೇಕು. ಹೇಗೂ ನೀನು ಇರ್ತೀಯಲ್ಲ."

"ಸೋಪು ತರ್ತೀನಿ ಅತ್ತಿಗೆ" ಎಂದಳು.