ಬುಧವಾರದ ಹೆಂಗಸರ ಆಟ

ಕೊಡಿಯಾಲ್‌ಬೈಲಿನ ಹಳೆಯ ಅಕ್ಕಿ ಗೋದಾಮನ್ನು ಜೊಕಿಮ್ ಎಂಬವ ಟಾಕೀಸು ಮಾಡಿದ್ದು ೧೯೫೪ರಲ್ಲಿ. ಹೆಂಚಿನ ಮಾಡು, ಮರದ ಬೆಂಚು, ಸುಣ್ಣ ಬಳಿದ ಗೋಡೆಯ ಮೇಲೆ ಬಿಳಿ ಪರದೆ. ಗಂಡಸರು ಬೀಡಿ ಸೇದುತ್ತಾ, ಸೀಟಿ ಹೊಡೆಯುತ್ತಾ ನೋಡಿದರು. ಹೆಂಗಸರು ಮಾತ್ರ ಆ ಕಡೆ ತಲೆ ಹಾಕಲಿಲ್ಲ.

ಜೊಕಿಮನ ಹೆಂಡತಿ ಕಾರ್ಮಿನ್ ಪಕ್ಕದ ಮನೆಯ ಬೀಫಾತಿಮ್ಮನನ್ನು ಕೇಳಿದಳು, "ನೀವು ಯಾಕೆ ಬರುವುದಿಲ್ಲ?"

"ಆ ಗಂಡಸರ ನಡುವೆಯಾ? ಒಳಗೆ ಒಬ್ಬ ಗಂಡಸೂ ಇಲ್ಲದಿದ್ದರೆ ಬರ್ತೇನೆ, ಕಾರ್ಮಿನ್ ಬಾಯಿ."

ಕಾರ್ಮಿನ್ ಗಂಡನಿಗೆ ಹೇಳಿದಳು, "ಬುಧವಾರ ಮಧ್ಯಾಹ್ನ ಹೆಂಗಸರಿಗೆ ಮಾತ್ರ ಆಟ ಇಡುವ."

"ಮೆಷಿನ್ ಬಿಡುವವ ಮಮ್ಮು ಗಂಡಸಲ್ವಾ ಮಾರಾಯ್ತಿ?"

"ಮೆಷಿನ್ ನಾನು ಬಿಡ್ತೇನೆ."

ಜೊಕಿಮ್ ನಕ್ಕ. ಆದರೆ ಅವಳು ಮಮ್ಮುವಿನ ಬೆನ್ನು ಬಿಡಲಿಲ್ಲ. ಬೆಳಕಿಗೆ ಕಾರ್ಬನ್ ಕಡ್ಡಿ ಉರಿಸುವುದು, ರೀಲು ಏರಿಸುವುದು, ತುಂಡಾದರೆ ಅಂಟಿಸುವುದು, ಎಲ್ಲ ಕಲಿತಳು. ಸೆರಗಿಗೆ ಕಿಡಿ ಹಾರಿ ತೂತು ಬಿದ್ದರೂ ಹಿಂದೆ ಸರಿಯಲಿಲ್ಲ.

ಮೊದಲ ಆಟದ ಬುಧವಾರ ಕದ್ರಿಯಿಂದಲೂ ಹೆಂಗಸರು ನಡೆದು ಬಂದರು. ಬೆಂಚು ಸಾಲದೆ ಕೆಲವರು ನೆಲದಲ್ಲೇ ಕೂತರು. ದೀಪ ಆರಿತು. ಪರದೆಯ ಮೇಲೆ ಬಾವಿಯಿಂದ ನೀರು ಸೇದುವ ಹುಡುಗಿ ಕಂಡಾಗ ಇಡೀ ಗೋದಾಮು ಉಸಿರು ಹಿಡಿಯಿತು. ಆಮೇಲೆ ಇದ್ದಕ್ಕಿದ್ದಂತೆ ಮದುವೆ, ತಾಳಿ, ವಾಲಗ. ಅದು ಮುಗಿದದ್ದೇ, ಮದುಮಗ ಸೈಕಲಿನಲ್ಲಿ ಬಂದು ಅದೇ ಹುಡುಗಿಯನ್ನು "ನಿನ್ನ ಹೆಸರೇನು?" ಎಂದು ಕೇಳಿದ.

ಗಡಿಬಿಡಿಯಲ್ಲಿ ರೀಲು ಹಿಂದುಮುಂದಾಗಿತ್ತು. ಮೇಲಿನ ಮೆಷಿನ್ ಕೋಣೆಯಲ್ಲಿ ಕಾರ್ಮಿನ್ ಬೆವತುಹೋದಳು. ಕೆಳಗೆ ಗುಜುಗುಜು ಶುರುವಾಯಿತು. ಮೆಷಿನ್ ನಿಲ್ಲಿಸಲು ಅವಳು ಕೈ ಚಾಚಿದಳು.

ಅಷ್ಟರಲ್ಲಿ ಬೀಫಾತಿಮ್ಮ ಎದ್ದು ನಿಂತರು. "ಇದರಲ್ಲಿ ಎಂತ ತಪ್ಪುಂಟು? ನನ್ನ ಗಂಡ ನನ್ನಲ್ಲಿ ಮೊದಲ ಮಾತಾಡಿದ್ದೂ ಮದುವೆ ಆದ ಮೇಲೆಯೇ!"

"ನನ್ನದೂ ಹಾಗೆಯೇ!" ಮೂಲೆಯಿಂದ ಯಾರೋ ಕೂಗಿದರು. ಹೆಂಚು ಹಾರಿಹೋಗುವಂಥ ನಗು ಎದ್ದಿತು. ಹೊರಗೆ ಕಾದಿದ್ದ ಗಂಡಸರು ಕಿಟಕಿಗೆ ಕಿವಿ ಕೊಟ್ಟರು. ಒಳಗೆ ಏನಾಗುತ್ತಿದೆಯೆಂದು ಒಬ್ಬರಿಗೂ ತಿಳಿಯಲಿಲ್ಲ.

ಆಟ ಮುಗಿದ ಮೇಲೆ ಕಾರ್ಮಿನ್ ತಲೆ ತಗ್ಗಿಸಿಕೊಂಡೇ ಇಳಿದು ಬಂದಳು. "ತಪ್ಪಾಯ್ತು, ಕಥೆ ಎಲ್ಲ ತಲೆಕೆಳಗಾಯ್ತು."

"ಅದಿರಲಿ," ಬೀಫಾತಿಮ್ಮ ಅವಳ ಮಸಿ ಹಿಡಿದ ಕೈ ಹಿಡಿದುಕೊಂಡರು. "ಬರುವ ಬುಧವಾರ ಯಾವ ಸಿನೆಮಾ?"

ಅರವತ್ತರ ದಶಕದ ಕೊನೆಯವರೆಗೂ ಆ ಆಟ ನಡೆಯಿತು. ಬುಧವಾರ ಮಧ್ಯಾಹ್ನ ಮಮ್ಮುವಿಗೆ ರಜೆ. ಜೊಕಿಮನಿಗೆ ಮಾತ್ರ ಹೊಸ ಕೆಲಸ ಬಂತು: ಟಾಕೀಸಿನ ಜಗಲಿಯಲ್ಲಿ ಕೂತು, ಆಟ ಮುಗಿಯುವವರೆಗೆ ಊರಿನ ಕೂಸುಗಳ ತೊಟ್ಟಿಲು ತೂಗುವುದು.