ಬನ್ನಕ್ಕನ ಸೊಂಟ ಮತ್ತು ಓವನ್ ಬಾಗಿಲು

ಬನ್ನಕ್ಕನ ಬೇಕರಿ ಗೊತ್ತಿಲ್ಲದವರು ಆ ಬೀದಿಯಲ್ಲೇ ಇಲ್ಲ. ಬನ್ನು ಮಾಡಿ ಮಾಡಿ ಅಂಟಿಕೊಂಡ ಹೆಸರು ಅದು; ಅವಳ ಸ್ವಂತ ಹೆಸರು ಗಂಡನಿಗೂ ಮರೆತುಹೋಗಿತ್ತೋ ಏನೋ! ಅಂಥ ಬನ್ನಕ್ಕ ನಾಳೆ ಬೆಳಿಗ್ಗೆ ಬೇಕರಿಯ ಬೀಗದ ಕೈಯನ್ನು ಒಬ್ಬ ಮೊಬೈಲ್ ಅಂಗಡಿಯವನಿಗೆ ಕೊಡೋಕೆ ಹೊರಟಿದ್ದಳು. ಅಯ್ಯೋ, ತಾನೇ ಕಟ್ಟಿ ಬೆಳೆಸಿದ ಅಂಗಡಿ!

ಕಾರಣ ಎಡ ಸೊಂಟದ ನೋವು. ಆ ಮಗ್ಗುಲಿಗೆ ಮಲಗಿದರೆ ಪ್ರಾಣ ಹೋದಂತಾಗುತ್ತಿತ್ತು. ಮೆಟ್ಟಿಲು ಹತ್ತಿದರೆ ಚುಚ್ಚುತ್ತಿತ್ತು. ಕೂತಲ್ಲಿಂದ ಏಳುವಾಗ “ಅಮ್ಮಾ” ಅನ್ನದೆ ಏಳೋಕೇ ಆಗುತ್ತಿರಲಿಲ್ಲ. ತಿಂಗಳುಗಟ್ಟಲೆ ಹಲ್ಲು ಕಚ್ಚಿ ಸಹಿಸಿದಳು, ಡಾಕ್ಟರ ಹತ್ತಿರ ಮಾತ್ರ ಹೋಗಲಿಲ್ಲ.

“ಹೋದ್ರೆ ಮೂಳೆ ಸವೆದಿದೆ, ಆಪರೇಷನ್ ಮಾಡಿಸು ಅಂತಾರೆ. ನಿಲ್ಲೋಕೇ ಆಗದವಳಿಗೆ ಬೇಕರಿ ಯಾಕೆ?” ಇದು ಅವಳ ವಾದ.

ಗಲ್ಲಾಪೆಟ್ಟಿಗೆ ಮುಂದೆ ಕೂತ ಅತ್ತೆ ಅದಕ್ಕೆ ತಾಳ ಹಾಕುತ್ತಿದ್ದರು. “ಸವೆದ ಮೂಳೆ ಮತ್ತೆ ಬೆಳೆಯುತ್ತೇನಮ್ಮಾ? ಎಣ್ಣೆ ಹಚ್ಚಿ ಇನ್ನೂ ಗಟ್ಟಿಯಾಗಿ ತಿಕ್ತೀನಿ, ಬಾ.” ಅವರು ತಿಕ್ಕಿದಷ್ಟೂ ನೋವು ಹೆಚ್ಚುತ್ತಿತ್ತು, ಗಾಯದ ಮೇಲೆ ಬರೆ ಎಳೆದ ಹಾಗೆ.

ಅವತ್ತು ಸಂಜೆ ಆರೋಗ್ಯ ಕೇಂದ್ರದ ನರ್ಸಮ್ಮ ಬ್ರೆಡ್ ಕೊಳ್ಳೋಕೆ ಬಂದಳು. ಒಳಗೆ ಬನ್ನಕ್ಕ ಎರಡೂ ಕೈಯಲ್ಲಿ ಬಿಸಿ ಟ್ರೇ ಹಿಡಿದು ತಿರುಗಿದಳು. ಧಪ್! ಓವನ್ನಿನ ಕಬ್ಬಿಣದ ಬಾಗಿಲಿಗೆ ಎಡ ಸೊಂಟದಿಂದಲೇ ಒಂದು ಗುದ್ದು. ಬಾಗಿಲು ಮುಚ್ಚಿತು. ಬನ್ನಕ್ಕ ನೋವಿಗೆ ಮುಖ ಕಿವುಚಿದಳು.

“ಅಕ್ಕಾ! ಈಗೇನು ಮಾಡಿದ್ರಿ?” ನರ್ಸಮ್ಮ ಕೂಗಿಯೇಬಿಟ್ಟಳು.

“ಏನ್ ಮಾಡ್ದೆ? ಬನ್ನು ತೆಗೆದೆ.”

“ಅದಲ್ಲ, ಬಾಗಿಲು! ಯಾವುದ್ರಿಂದ ಹಾಕಿದ್ರಿ?”

“ಸೊಂಟದಿಂದ. ಕೈ ಎರಡೂ ತುಂಬಿದೆ, ಇನ್ನೇನು ಮೂಗಿನಿಂದ ಹಾಕ್ಲಾ?”

“ದಿನಾ ಹೀಗೇನಾ?”

“ಬೇಕರಿ ಶುರುವಾದಾಗಿಂದ್ಲೂ ಹೀಗೇ. ಒಳ್ಳೆ ಅಭ್ಯಾಸ ಆಗಿದೆ ನೋಡು!”

ನರ್ಸಮ್ಮ ಬ್ರೆಡ್ ಅಲ್ಲೇ ಬಿಟ್ಟು ಒಳಗೆ ನುಗ್ಗಿದಳು. “ನೋವು ಎಲ್ಲಿ? ಒಂದೇ ಬೆರಳಿಟ್ಟು ತೋರಿಸಿ.” ಬನ್ನಕ್ಕ ಹೊರಮಗ್ಗುಲಲ್ಲಿ ಎಲುಬು ಉಬ್ಬಿರುವ ಜಾಗ ಮುಟ್ಟಿದಳು.

“ತೊಡೆಸಂದಿಯಲ್ಲಿ ನೋಯಲ್ವಾ?”

“ಇಲ್ಲಪ್ಪ.”

“ಹಾಗಿದ್ರೆ ಇದು ನೀವು ಹೆದರ್ತಿರೋ ಮೂಳೆ ಸವೆತ ಅಲ್ಲದೇ ಇರಬಹುದು ಅಕ್ಕಾ! ಕೀಲು ಸವೆದ್ರೆ ಹೆಚ್ಚಾಗಿ ತೊಡೆಸಂದಿಯಲ್ಲೇ ನೋವು. ನೀವು ತೋರಿಸಿದ ಎಲುಬಿನ ಮೇಲೆ ಒಂದು ಪುಟ್ಟ ಚೀಲ ಇರುತ್ತೆ, ಒಳಗೆ ಒಂಚೂರು ಜಾರುನೀರು. ಎಲುಬಿಗೂ ಅದರ ಮೇಲಿನ ಸ್ನಾಯುಪಟ್ಟಿಗೂ ಉಜ್ಜಾಟ ಆಗದಿರಲಿ ಅಂತ. ದಿನಾ ಗುದ್ದು ತಿಂದ್ರೆ ಪಾಪ, ಅದೂ ಊದಿಕೊಳ್ಳುತ್ತೆ. ಅದಕ್ಕೇ ಬರ್ಸೈಟಿಸ್ ಅನ್ನೋದು.”

“ಹೆಸರೇನೋ ಬಾಯಿ ತುಂಬ ಇದೆ. ಅದಕ್ಕೂ ಆಪರೇಷನ್ನೇ ತಾನೆ?”

“ಅದು ಬೇಕಾಗೋದು ಅಪರೂಪಕ್ಕೆ! ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ? ಆದ್ರೆ ನಾನು ಹೇಳಿದ್ದೇ ವೇದ ಅಲ್ಲ, ಡಾಕ್ಟರ್ ನೋಡ್ಲಿ. ಕೇಂದ್ರದಲ್ಲಿ ಇನ್ನೂ ಇದ್ದಾರೆ, ಏಳಿ ಏಳಿ!”

ಡಾಕ್ಟರು ಕಾಲನ್ನು ಅತ್ತಿತ್ತ ತಿರುಗಿಸಿದರು, ಹೊರಮಗ್ಗುಲನ್ನು ಒತ್ತಿದರು. ಬನ್ನಕ್ಕ ಚೀರಿದಳು. ಎಕ್ಸ್‌ರೇ ನೋಡಿ ಅವರು ನಕ್ಕರು. “ಕೀಲು ಚೆನ್ನಾಗಿದೆಯಮ್ಮ. ಇದು ಬರ್ಸೈಟಿಸ್ಸೇ.”

“ಇನ್ನೊಂದ್ಸಲ ಹೇಳಿ ಡಾಕ್ಟ್ರೇ!” ಬನ್ನಕ್ಕನಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

“ಮೊದಲು ಆ ಬಾಗಿಲಿಗೆ ಗುದ್ದೋದು ನಿಲ್ಲಿಸಿ. ನೋವಿರೋ ಜಾಗ ತಿಕ್ಕಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಸ್ವಲ್ಪ ಹೊತ್ತು ಇಡಿ. ಬಲಮಗ್ಗುಲಿಗೆ ಮಲಗಿ, ಮೊಣಕಾಲುಗಳ ಮಧ್ಯೆ ದಿಂಬು ಇರಲಿ. ಮಾತ್ರೆ ನಾನು ಬರೆದಷ್ಟೇ ತಗೊಳ್ಳಿ. ಸೊಂಟ ಗಟ್ಟಿಯಾಗೋಕೆ ಇಲ್ಲಿ ನಮ್ಮವರು ವ್ಯಾಯಾಮ ಹೇಳಿಕೊಡ್ತಾರೆ, ಅದನ್ನ ಬಿಡಬಾರದು. ಇಷ್ಟಕ್ಕೂ ಬಗ್ಗದಿದ್ರೆ ಇಂಜೆಕ್ಷನ್ ಇದೆ. ಆದ್ರೆ ಅವಸರ ಪಡಬೇಡಿ, ವಾರಗಳು ಹಿಡಿಯುತ್ತೆ.”

ಬೀದಿ ತಿರುವಿನಿಂದಲೇ ಬನ್ನಕ್ಕ ಕೂಗುತ್ತಾ ಬಂದಳು: “ಅತ್ತೇ, ಸವೆದಿಲ್ವಂತೆ! ಮೂಳೆ ಸವೆದೇ ಇಲ್ವಂತೆ!” ಅತ್ತೆ ಎಣ್ಣೆ ಬಾಟಲಿಯನ್ನು ಮೆಲ್ಲಗೆ ಕಪಾಟಿನೊಳಗೆ ಸರಿಸಿದರು. ಬಾಗಿಲ ವಿಷಯ ಕೇಳಿದ ಗಂಡ ಕೂಡಲೇ ಓವನ್ ಪಕ್ಕಕ್ಕೆ ಒಂದು ಮೇಜು ಎಳೆದು ತಂದ. ಇನ್ನು ಮೇಲೆ ಟ್ರೇ ಮೊದಲು ಮೇಜಿನ ಮೇಲೆ, ಆಮೇಲೆ ಬಾಗಿಲು ಕೈಯಿಂದ.

ಮರುದಿನ ಬೆಳಿಗ್ಗೆ ಮೊಬೈಲ್ ಅಂಗಡಿಯವನು ಬೀಗದ ಕೈಗೆ ಬಂದ. “ಏನಕ್ಕಾ, ನೋವು ಹೋಯ್ತಾ?”

“ಇಲ್ಲಪ್ಪ, ಇನ್ನೂ ಇದೆ. ಆದ್ರೆ ಅದು ಏನು ಅಂತ ಗೊತ್ತಾಯ್ತು, ಭಯ ಹೋಯ್ತು,” ಅಂದಳು ಬನ್ನಕ್ಕ.

ಅತ್ತೆ ಎದ್ದು ನಿಂತರು. “ಬನ್ನು ಬೇಕಾದ್ರೆ ತಗೊಂಡ್ಹೋಗಪ್ಪಾ, ಬಿಸಿಬಿಸಿ ಇದೆ. ಅಂಗಡಿ ಕೊಡಲ್ಲ!”

ಡಾಕ್ಟರು ಹೇಳಿದಂತೆ ವಾರಗಳೇ ಹಿಡಿದವು. ಆದರೆ ನೋವು ಹೋಯಿತು.

ಕೇಳ್ತಿರೋ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸೊಂಟದ ಹೊರಮಗ್ಗುಲೂ ಹೀಗೇ ನೋಯ್ತಿದೆಯಾ? ನಿಮ್ಮ ಕೆಲಸದಲ್ಲಿ ಆ ಜಾಗಕ್ಕೆ ದಿನಾ ಏನು ತಾಗುತ್ತೆ, ಇವತ್ತೇ ಗಮನಿಸಿ. ಬಿದ್ದು ಕಾಲೂರೋಕೆ ಆಗದಿದ್ದರೆ, ಜ್ವರದ ಜೊತೆ ಆ ಜಾಗ ಕೆಂಪಾಗಿ ಬಿಸಿಯಾಗಿದ್ದರೆ ಡಾಕ್ಟರ ಹತ್ತಿರ ಹೋಗೋಕೆ ಒಂದು ಗಳಿಗೆಯೂ ತಡಮಾಡಬೇಡಿ. ಉಳಿದವರೂ ಮನೆಯಲ್ಲೇ ಕೂತು ಮೂಳೆ ಸವೆದಿದೆ ಅಂತ ತೀರ್ಪು ಕೊಟ್ಟುಕೊಳ್ಳಬೇಡಿ. ಡಾಕ್ಟರನ್ನು ಕೇಳಿ. ಪ್ರೀತಿಯ ಕೆಲಸ ಬಿಡೋ ಮಾತು ಆಮೇಲಿರಲಿ!